ಮಲ್ಕಿ ತೊರೆಯ ಹೊನ್ನಮೀನು

ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರು ದಾಟಿದ್ದೇ ತಡ, ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ಏರತೊಡಗಿತು. ಕೆಳಗೆ ಓವೆನ್ಸ್ ಕಣಿವೆಯ ಸುಡುಬಿಸಿಲು; ಸುಮಾರು 10,000 ಅಡಿ ಎತ್ತರದ ಹಾರ್ಸ್‌ಶೂ ಮೆಡೋಸ್‌ನಲ್ಲಿ ಕಾರಿಳಿದಾಗ ಸ್ವೆಟರ್ ಬೇಕಾಯಿತು. ತಿಂಡಿಯನ್ನು ಕಾರಿನಲ್ಲಿ ಬಿಡುವಂತಿಲ್ಲ, ಕರಡಿ ಕಾಟ. ಅಲ್ಲಿಟ್ಟಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಅದನ್ನೆಲ್ಲ ಭದ್ರಮಾಡಿ ಅಕ್ಕನ ಮಗ ಮುಂದೆ ಹೊರಟ.

ಏರು ದೊಡ್ಡದಲ್ಲ, ಉಸಿರೇ ಸಾಲದು. ಫಾಕ್ಸ್‌ಟೇಲ್ ಪೈನ್ ಮರಗಳ ನಡುವಿನ ಮರಳುಹಾದಿಯಲ್ಲಿ ಮಲ್ಕಿ ಪಾಸ್ ದಾಟಿ ಇಳಿದರೆ ವಿಶಾಲ ಹುಲ್ಲುಗಾವಲು, ಅದರೊಳಗೆ ಮಲ್ಕಿ ತೊರೆ. ಎಷ್ಟೋ ಕಡೆ ಒಂದೇ ದಾಪಿಗೆ ದಾಟಬಹುದು.

“ನಿಂತ್ಕೋಬೇಡಿ ಮಾವ, ನೆರಳು ನೀರಿಗೆ ಬಿದ್ರೆ ಒಂದೂ ಹೊರಗೆ ಬರಲ್ಲ.”

ಬೋರಲು ಮಲಗಿದೆವು. ನೀರು ಕೊರೆದ ದಂಡೆಯಡಿಯಿಂದ ಗೇಣುದ್ದವೂ ಇಲ್ಲದ ಮೀನೊಂದು ಬಿಸಿಲಿಗೆ ಬಂತು. ಬೆನ್ನು ಹಸಿರುಗಂದು, ಪಕ್ಕೆ ಅಪ್ಪಟ ಹೊಂಬಣ್ಣ. ಕಿವಿರಿನಿಂದ ಬಾಲದವರೆಗೆ ಕೆಂಪು ಪಟ್ಟೆ, ಅದರ ಮೇಲೆ ಹತ್ತರಷ್ಟು ಬೂದು ಮಚ್ಚೆಗಳ ಸಾಲು. ಬೇರೆ ಟ್ರೌಟ್‌ಗಳಲ್ಲಿ ಸಾಮಾನ್ಯವಾಗಿ ಮರಿಗಳಿಗಷ್ಟೇ ಇರುವ ಈ ಮಚ್ಚೆ ಇದಕ್ಕೆ ಬೆಳೆದ ಮೇಲೂ ಉಳಿಯುತ್ತದೆ. ಹೊಟ್ಟೆಗೆ ಕುಂಕುಮ ಮೆತ್ತಿದ ಹಾಗಿತ್ತು. ಕಪ್ಪು ಚುಕ್ಕಿಗಳೆಲ್ಲ ಬಾಲದ ಕಡೆಗೇ ಒತ್ತಾಗಿದ್ದವು.

ಇದು ಗೋಲ್ಡನ್ ಟ್ರೌಟ್, 1947ರಿಂದ ಕ್ಯಾಲಿಫೋರ್ನಿಯಾದ ರಾಜ್ಯಮೀನು. ಕರ್ನ್ ನದಿಯ ದಕ್ಷಿಣ ಕವಲು, ಪಕ್ಕದ ಗೋಲ್ಡನ್ ಟ್ರೌಟ್ ತೊರೆ, ಇವುಗಳ ತಣ್ಣನೆಯ ತಿಳಿನೀರೇ ಇದರ ತವರು. ನಮ್ಮ ನೆರೆಯ ನೀಲಗಿರಿಯಲ್ಲಿರುವ ಟ್ರೌಟ್ ಬ್ರಿಟಿಷರು ತಂದು ಬಿಟ್ಟದ್ದು, ಇದೋ ಇಲ್ಲಿಯದೇ.

1876ರಲ್ಲಿ ಈ ಮಲ್ಕಿ ತೊರೆಯಿಂದಲೇ ಒಂದು ಡಜನ್‌ನಷ್ಟು ಮೀನನ್ನು ಕಾಫಿ ಪಾತ್ರೆಯಲ್ಲಿ ಹಾಕಿ, ಬೆಟ್ಟದಾಚೆಯ ಕಾಟನ್‌ವುಡ್ ತೊರೆಗೆ ಒಯ್ದು ಬಿಟ್ಟರಂತೆ. ಅವುಗಳ ಸಂತತಿ ಕಾಟನ್‌ವುಡ್ ಸರೋವರಗಳಿಗೆ ಹೋಯಿತು. ಆ ಸರೋವರಗಳ ಮೊಟ್ಟೆಯಿಂದ ಸಿಯೆರಾ ನೆವಾಡ ಬೆಟ್ಟಸಾಲಿನ ಇನ್ನೆಷ್ಟೋ ಸರೋವರಗಳಲ್ಲಿ ಮೀನು ಹಬ್ಬಿತು. ಹಾಗಿದ್ದೂ ತವರಿನಲ್ಲೇ ಇದಕ್ಕೆ ಕುತ್ತು. ಹೊರಗಿಂದ ತಂದ ರೈನ್‌ಬೋ ಟ್ರೌಟ್ ಜೊತೆ ಕೂಡಿ ತಳಿ ಕಲಬೆರಕೆಯಾಗಿದೆ. ಬ್ರೌನ್ ಟ್ರೌಟ್ ಇದನ್ನು ನುಂಗುತ್ತದೆ. ದನಗಳು ತುಳಿದು ದಂಡೆ ಕುಸಿದ ಕಡೆ ತೊರೆ ಹರವಾಗಿ, ನೆರಳು ತಪ್ಪಿ ನೀರು ಬೆಚ್ಚಗಾಗುತ್ತದೆ. ಬ್ರೌನ್ ಟ್ರೌಟ್ ಮೇಲೇರದಂತೆ ದಕ್ಷಿಣ ಕವಲಿಗೆ ತಡೆಗೋಡೆ ಕಟ್ಟಿದ್ದಾರೆ. ನನ್ನ ಕೇಳಿದರೆ, ಎಲ್ಲೆಲ್ಲೂ ಮೀನು ಬಿಡುವ ಹುಮ್ಮಸ್ಸಿಗೆ ಇಷ್ಟು ಬೆಲೆ ತೆರಬೇಕಿರಲಿಲ್ಲ.

ಹೋಗುವವರು ಜುಲೈ–ಸೆಪ್ಟೆಂಬರ್ ನಡುವೆ ಹೋಗಿ. ಚಳಿಗಾಲದಲ್ಲಿ ಹಿಮ ಬಿದ್ದು ಆ ರಸ್ತೆ ಮುಚ್ಚಿರುತ್ತದೆ.