ಪಾಸ್‌ಬುಕ್ಕಿನ ತುಂಬ ಪ್ರಶ್ನಾರ್ಥಕ ಚಿಹ್ನೆ

ನಾನು ರೋಣದಾಕಿ. ನೌಕರಿ ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ. ಊರಿಗೆ ಹೋದಾಗ ಯಾರಾದರೂ "ಏನ್ ಕೆಲಸ ಮಾಡ್ತೀಯವಾ?" ಅಂತ ಕೇಳಿದರೆ "ಕಂಪ್ಯೂಟರ್" ಅಂದು ಸುಮ್ಮನಾಗುತ್ತಿದ್ದೆ. ಈ ಸಲ ಬಿಡಿಸಿ ಹೇಳುತ್ತೇನೆ.

ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಶಾಖೆ ಇರುವ ಒಂದು ಪತ್ತಿನ ಸಂಘದ ಕೆಲಸ ನನ್ನ ಪಾಲಿಗೆ ಬಂತು. ಹಳೇ ಪ್ರೋಗ್ರಾಂ ತೆಗೆದು ಮೂರೂ ಕಡೆ ಹೊಸದೊಂದನ್ನು ಹಾಕಬೇಕಿತ್ತು. ಲೆಕ್ಕವೆಲ್ಲ ಡೇಟಾಬೇಸಿನ ಟೇಬಲ್‌ಗಳಲ್ಲಿತ್ತು. ಟೇಬಲ್ ಅಂದರೆ ನಮ್ಮಪ್ಪ ಅಂಗಡಿಯಲ್ಲಿ ಗೆರಿ ಹೊಡೆದು ಇಡುತ್ತಿದ್ದ ಖಾತೆ ಪುಸ್ತಕ ಇದ್ದ ಹಾಗೆ. ಆ ಪುಸ್ತಕದ ಒಂದು ಸಾಲನ್ನು ಪ್ರೋಗ್ರಾಂ ಕೈಗೆತ್ತಿಕೊಳ್ಳಬೇಕಾದರೆ ಅದೇ ಅಳತೆಯ ಖಾಲಿ ಫಾರಂ ಬೇಕು. ಅದಕ್ಕೆ ನಾವು ಕ್ಲಾಸ್ ಅನ್ನುತ್ತೇವೆ. ಲೆಕ್ಕ ಮಾಡೋದಿಲ್ಲ, ಕೂಡಿಸೋದಿಲ್ಲ. ಹೆಸರು, ಖಾತೆ ನಂಬರು, ಬಾಕಿ ಇಷ್ಟನ್ನು ಹಿಡಿದುಕೊಂಡಿರುತ್ತದೆ, ಅಷ್ಟೇ.

ಟೇಬಲ್ ನಲವತ್ತರ ಮೇಲಿದ್ದವು. ಎರಡು ದಿನ ಕೂತು ಹನ್ನೊಂದು ಕ್ಲಾಸ್ ಕೈಯಾರೆ ಬರೆದೆ. ಹನ್ನೆರಡನೇದರಲ್ಲಿ ಬಾಕಿ ಮೊತ್ತಕ್ಕೆ ದಶಮಾಂಶದ ಬದಲು ಪೂರ್ಣಾಂಕ ಅಂತ ಟೈಪ್ ಮಾಡಿ ಪೈಸೆಗಳನ್ನೆಲ್ಲ ಹಾರಿಸಿಬಿಟ್ಟೆ! ಆಫೀಸಿನ ಸರ್ ನೋಡಿ, "ಅಲ್ಲವಾ, ಕತ್ತೆ ಕೆಲಸ ಕತ್ತೆಗೆ ಬಿಡು" ಅಂದರು.

ಅವರು ಹೇಳಿದ್ದು ನಿಜ. ಪ್ರತಿ ಡೇಟಾಬೇಸಿಗೂ ತನ್ನದೇ ಜಾತಕ ಇರುತ್ತದೆ. ಯಾವ ಟೇಬಲ್, ಯಾವ ಕಾಲಂ, ಅಂಕಿಯೋ ಅಕ್ಷರವೋ ತಾರೀಕೋ, ಎಷ್ಟು ಉದ್ದ, ಖಾಲಿ ಬಿಡಬಹುದೋ ಇಲ್ಲವೋ, ಎಲ್ಲವೂ ಇನ್ಫರ್ಮೇಷನ್ ಸ್ಕೀಮಾ ಅನ್ನೋ ಜಾಗದಲ್ಲಿ ಬರೆದಿರುತ್ತದೆ. ಅದನ್ನು ಓದಿ ಕ್ಲಾಸ್ ಬರೆದುಕೊಡುವ ಪುಟ್ಟ ಪ್ರೋಗ್ರಾಂ ಒಂದನ್ನು ಮಾಡಿದೆ. ಇಂಥವು ಸಿದ್ಧವಾಗಿಯೂ ಸಿಗುತ್ತವೆ, ಆದರೆ ನನಗೆ ನಾನೇ ಮಾಡುವ ಹುಕಿ. ರೋಣದ ಡೇಟಾಬೇಸ್ ತೋರಿಸಿ ಓಡಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಕ್ಲಾಸ್ ತಯಾರು. ಕಾಲಂ ಹೆಸರುಗಳು ಮೂರೂ ಊರಲ್ಲಿ ಒಂದೇ ಇದ್ದವು, ಹಾಗಾಗಿ ಅದೇ ಕ್ಲಾಸ್‌ಗಳನ್ನು ನರಗುಂದಕ್ಕೂ ಗಜೇಂದ್ರಗಡಕ್ಕೂ ಹಾಕಿದೆ. ಆ ದಿನ ನನ್ನ ಬಿಗುಮಾನ ನೋಡಬೇಕಿತ್ತು!

ಹದಿನೈದು ದಿನಕ್ಕೆ ಗಜೇಂದ್ರಗಡದಿಂದ ಫೋನು. ಹೋದೆ. ಕೌಂಟರಿನ ಮುಂದೆ ಮಗ್ಗದ ಮನೆಯ ಒಬ್ಬ ಅಜ್ಜಿ ಪಾಸ್‌ಬುಕ್ ಹಿಡಿದು ಕೂತಿದ್ದಳು. ಓದಲು ಬರುವುದಿಲ್ಲ. ಆದರೆ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತವಳು, ತನ್ನ ಹೆಸರಿನ ಆಕಾರ ಅವಳಿಗೆ ಗೊತ್ತು. "ತಂಗಿ, ಇದು ನನ್ನ ಹೆಸರಲ್ಲ. ಎಲ್ಲಾ ಒಂದs ನಮೂನಿ ಕುಡಗೋಲು ಅದಾವು. ನನ್ನ ರೊಕ್ಕ ಯಾರ ಹೆಸರಿಗೆ ಹೋತು?"

ನೋಡಿದರೆ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಆ ಶಾಖೆಯ ಸದಸ್ಯರೆಲ್ಲರದ್ದೂ ಅದೇ ಗತಿ.

ಹಳೇ ಪ್ರೋಗ್ರಾಂನಲ್ಲಿ ಹೆಸರುಗಳನ್ನು ಹಳೇ ನುಡಿ ಫಾಂಟಿನಲ್ಲಿ ಬರೆದಿದ್ದರು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ವಾರ್‌ಚಾರ್ ಅನ್ನೋ ಕಾಲಂ ಸಾಕಿತ್ತು. ನಾನು ಅದನ್ನೆಲ್ಲ ಯೂನಿಕೋಡ್ ಕನ್ನಡಕ್ಕೆ ಬದಲಿಸಿದ್ದೆ, ಅದಕ್ಕೆ ಎನ್‌ವಾರ್‌ಚಾರ್ ಬೇಕು. ಉಳಿದೆರಡು ಊರಲ್ಲಿ ಎನ್‌ವಾರ್‌ಚಾರ್ ಇತ್ತು, ಗಜೇಂದ್ರಗಡದಲ್ಲಿ ಇರಲಿಲ್ಲ. ಕ್ಲಾಸಿನಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, ಸ್ಟ್ರಿಂಗ್. ನನ್ನ ಯಂತ್ರ ಆ ಒಂದು 'ಎನ್' ನುಂಗಿತ್ತು. ನಾನು ಆ ಊರಿನ ಟೇಬಲನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ.

ಒಮ್ಮೆ ಪ್ರಶ್ನಾರ್ಥಕ ಆದ ಅಕ್ಷರ ಮತ್ತೆ ಅಕ್ಷರ ಆಗುವುದಿಲ್ಲ. ಪುಣ್ಯಕ್ಕೆ ಬದಲಿಸುವ ಮೊದಲಿನ ಬ್ಯಾಕಪ್ ಇತ್ತು. ಕಾಲಂ ಸರಿಮಾಡಿದೆ, ಉದ್ದವನ್ನೂ ಹೆಚ್ಚಿಸಿದೆ. ಲಕ್ಷ್ಮವ್ವ ಅನ್ನೋ ಹೆಸರು ನಮ್ಮ ಕಣ್ಣಿಗೆ ಮೂರಕ್ಷರ, ಯೂನಿಕೋಡಿನ ಲೆಕ್ಕದಲ್ಲಿ ಒಂಬತ್ತು! ಬ್ಯಾಕಪ್ಪಿನಿಂದ ಹೆಸರುಗಳನ್ನು ಮತ್ತೆ ತುಂಬುವಷ್ಟರಲ್ಲಿ ಸಂಜೆಯಾಯಿತು. ಈಗ ನನ್ನ ಪ್ರೋಗ್ರಾಂ ಪ್ರತಿ ಕಾಲಂನ ಮೂಲ ವಿಧ, ಉದ್ದ ಎರಡನ್ನೂ ಕ್ಲಾಸಿನಲ್ಲೇ ಬರೆಯುತ್ತದೆ. ಮೂರು ಊರಿನ ಟೇಬಲ್ ಹೊಂದದಿದ್ದರೆ ಮುಂದೆ ಹೋಗದೆ ನಿಂತುಬಿಡುತ್ತದೆ.

ಅಜ್ಜಿ ಅಲ್ಲೇ ಕೂತಿದ್ದಳು. ಹೊಸ ಪಾಸ್‌ಬುಕ್ ಕೊಟ್ಟೆ. ಹೆಸರಿನ ಮೇಲೆ ಬೆರಳಾಡಿಸಿ, ಒತ್ತಕ್ಷರದ ಹತ್ತಿರ ಒಂಚೂರು ನಿಂತು, "ಹಾಂ, ಇದು ನಾನs" ಅಂದಳು. ಆಮೇಲೆ ಕನ್ನಡಕ ಏರಿಸಿ ನನ್ನನ್ನೇ ನೋಡಿದಳು. "ಇಷ್ಟು ದಿನದ ಬಡ್ಡಿ ಎಷ್ಟಾತು, ಅದನ್ನೂ ಹೇಳು."