ಎರಡನೇ ಪಂಕ್ತಿ

ಮೊನ್ನೆ ಫೋನಿನ್ಯಾಗ ವೈನಿ ಕೇಳಿದ್ರು, "ಅಲ್ಲಾ, ಚೆಂಡಾಟ ನೋಡ್ಲಿಕ್ಕೆ ಐದೈದು ತಾಸು ರೈಲಿನ್ಯಾಗ ಹೋಗ್ತಿದ್ರಂತಲ್ಲ, ಅದೂ ಸೋಲೋ ತಂಡದ ಹಿಂದ. ನಿಮಗೇನ್ ಹುಚ್ಚು?" ನಾ ನಕ್ಕು ಬಿಟ್ಟೆ. ಫೋನಿನ್ಯಾಗ ಹೇಳೋ ಮಾತಲ್ಲ ಅದು. ಇಲ್ಲೇ ಬರೀತೀನಿ, ವೈನಿ ಓದ್ಲಿ, ನೀವೂ ಓದ್ರಿ.

ನಾವು ಹ್ಯಾಂಬರ್ಗಿಗೆ ಬಂದದ್ದು 2017ರಾಗ. ಮಗಾ ಆವಾಗ 8 ವರ್ಷದಾಂವ. ಜರ್ಮನ್ ಬರ್ತಿದ್ದಿಲ್ಲ, ಸಾಲಿಯಿಂದ ಬಂದು ಬಾಯೇ ತಗೀತಿದ್ದಿಲ್ಲ. ಮರುವರ್ಷ ಮೇ ತಿಂಗಳದಾಗ ಒಂದು ಸೋಮವಾರ ಬಂದಾಂವ, "ಅವ್ವಾ, ಇವತ್ತ ಕ್ಲಾಸಿನ್ಯಾಗ ಹುಡುಗ್ರು ಅಳ್ಳಿಕ್ಕೆ ಹತ್ತಿದ್ರು" ಅಂದ. ಯಾರರೆ ತೀರಿಕೊಂಡ್ರೇನು ಅಂತ ಗಾಬರಿ ಆದೆ. ಯಾರೂ ತೀರಿಕೊಂಡಿದ್ದಿಲ್ಲ, ಊರಿನ ತಂಡ ಕೆಳಗಿನ ಲೀಗಿಗೆ ಇಳದಿತ್ತು. ಇಲ್ಲಿಯವರು ಅದನ್ನ ಹಾ-ಎಸ್-ಫೌ ಅಂತಾರ. 1963ರಾಗ ಬುಂಡೆಸ್‌ಲಿಗಾ ಶುರು ಆದಾಗಿಂದ ಒಮ್ಮೆನೂ ಇಳೀದ ತಂಡ ಅಂದ್ರ ಅದೊಂದೇ ಉಳದಿತ್ತು. ಎಷ್ಟು ವರ್ಷ, ಎಷ್ಟು ದಿನ, ಎಷ್ಟು ತಾಸು ಮ್ಯಾಲೆ ಇದ್ದೀವಿ ಅಂತ ತೋರಸ್ಲಿಕ್ಕೆ ಸ್ಟೇಡಿಯಮ್ಮಿನ್ಯಾಗ ಒಂದು ಗಡಿಯಾರಾನೇ ಹಾಕಿದ್ರು. 2018ರ ಮೇ 12ಕ್ಕ ಆ ಲೆಕ್ಕ ಮುಗೀತು. ನನ್ನ ಮಗಾ ಅವತ್ತಿಂದ ಆ ತಂಡದಾಂವ ಆದ. ನಗೋರ ನಡುವ ಹೋಗಿ ಕೂಡೂದು ಅವಂಗ ಆಗಿದ್ದಿಲ್ಲ, ಅಳೋರ ನಡುವ ಜಾಗಾ ಸಿಕ್ತು.

ಎರಡನೇ ಲೀಗ್ ಅಂದ್ರೇನಂತ ನಮ್ಮ ಭಾಷಾದಾಗ ಹೇಳ್ತೀನಿ. ಮದವಿ ಮನ್ಯಾಗ ಎರಡನೇ ಪಂಕ್ತಿ ಇರ್ತದಲ್ಲ, ಹಂಗ. ಮೊದಲ್ನೇ ಪಂಕ್ತ್ಯಾಗ ಬೀಗರು, ದೊಡ್ಡವರು. ಯಾರಿಗೆ ಮೊದ್ಲು ಬಡಸ್ಬೇಕಂತ ಎಲ್ಲಾರಿಗೂ ಗೊತ್ತು. ಬುಂಡೆಸ್‌ಲಿಗಾದಾಗ ಬಾಯರ್ನ್ ಮ್ಯೂನಿಕ್ 2013ರಿಂದ 2023ರ ತನಕಾ ಸತತ 11 ವರ್ಷ ಗೆದ್ದಿತ್ತು. ಎರಡನೇ ಪಂಕ್ತ್ಯಾಗ ಬಡಿಸಿ ದಣದ ನಮ್ಮಂಥವರು. ಯಾರ ಎಲಿಗೆ ಹೋಳಿಗಿ, ಯಾರಿಗೆ ಬರೇ ಸಾರು, ದೇವ್ರೇ ಬಲ್ಲ. 18 ತಂಡ, 34 ಆಟ. ಮೊದಲ ಎರಡು ತಂಡ ಮ್ಯಾಲೆ ಹೋಗ್ತಾವ. ಮೂರನೇದು ಮ್ಯಾಲಿನ ಲೀಗಿನ 16ನೇ ತಂಡದ ಜೋಡಿ ಎರಡು ಆಟ ಆಡಿ ಗೆಲ್ಲಬೇಕು. ತಳದ ಎರಡು ಇಳೀತಾವ. ಒಂದು ಕಾಲಕ್ಕ ಯುರೋಪ್ ಗೆದ್ದ ತಂಡ ಒಂದು ಹಳ್ಳಿ ತಂಡದ ಕೈಯಾಗ ಸೋತು ಬರ್ತದ.

ಮಗಂಗ 12 ಆದಾಗ ಬ್ಯಾರೆ ಊರಿಗೆ ಆಟ ನೋಡ್ಲಿಕ್ಕೆ ಹೋಗ್ತೀನಿ ಅಂತ ಹಟಾ ಹಿಡದ. ಯಜಮಾನ್ರಿಗೆ ಆಟ ಅಂದ್ರ ಕ್ರಿಕೆಟ್ ಒಂದೇ. ಒಬ್ಬನ್ನ ಕಳಸ್ಲಿಕ್ಕೆ ಆಗೂದಿಲ್ಲ, ಕಡಿಗೆ ನಾ ಹೊಂಟೆ. ಹತ್ತರದ ಕೀಲ್, ಹ್ಯಾನೋವರ್ ಆತು, ದೂರದ ಕೈಸರ್ಸ್‌ಲೌಟರ್ನ್ ಆತು. ಅಲ್ಲೆ ಸ್ಟೇಡಿಯಂ ಗುಡ್ಡದ ಮ್ಯಾಲೆ ಅದ. ಸ್ಟೇಷನ್ನಿಂದ ಮಂದಿ ಎಲ್ಲಾ ಕೆಂಪು ಶಾಲು ಹಾಕ್ಕೊಂಡು ಹಾಡ್ಕೋತ ಏರೂದು ನೋಡಿ ನನಗ ಯಲ್ಲಮ್ಮನ ಗುಡ್ಡದ ಜಾತ್ರಿನೇ ನೆನಪಾತು. ಬರೇ ಉಧೋ ಉಧೋ ಒಂದು ಕಡಿಮಿ.

ನನ್ನ ತಯಾರಿ ಮಾತ್ರ ಪ್ರತಿ ಸಲ ಒಂದೇ: ಚಪಾತಿ, ಶೇಂಗಾ ಚಟ್ನಿ, ಎರಡು ಬಾಟ್ಲಿ ನೀರು. ಭಾಳ ಸ್ಟೇಡಿಯಮ್ಮಿನ್ಯಾಗ ಎ4 ಹಾಳಿಗಿಂತ ದೊಡ್ಡ ಚೀಲ ಬಿಡೂದಿಲ್ಲ, ಅದಕ್ಕ ಡಬ್ಬಿನ ಸ್ಟೇಷನ್ನಿನ ಲಾಕರಿನ್ಯಾಗ ಇಟ್ಟು ಹೋಗೂದು. ಒಳಗ ಎಲ್ಲಾ ಸಾಸೇಜು, ಬಿಯರು. ನನಗ ಬ್ರೆಟ್ಸೆಲ್ ಒಂದೇ ಗತಿ.

ಖರೇ ಹೇಳಬೇಕಂದ್ರ ನಾ ಹೋಗ್ತಿದ್ದದ್ದು ರೈಲಿಗೆ. ಮನ್ಯಾಗ ಖೋಲಿ ಬಾಗ್ಲಾ ಹಾಕ್ಕೊಂಡು ಕೂಡೋ ಹುಡುಗ ರೈಲಿನ್ಯಾಗ ಮಾತಾಡ್ತಿದ್ದ. ಇಬ್ರೂ ಕಿಡಕಿ ಕಡೆ ನೋಡ್ಕೋತ ಕೂತಿರ್ತೀವಿ, ಮುಖಾ ನೋಡೂದು ಇರೂದಿಲ್ಲ, ಅದಕ್ಕಿರಬೇಕು.

ಈಗ ನಿಮಗ್ಯಾರಿಗೂ ಹೇಳದ ಒಂದು ಸಂಗತಿ. 2023ರ ಮಾರ್ಚಿನ್ಯಾಗ ಇವರ ಕೆಲಸ ಹೋಗಿತ್ತು. ಧಾರವಾಡಕ್ಕ ಫೋನ್ ಮಾಡಿದಾಗ "ಎಲ್ಲಾ ಆರಾಮ" ಅಂತಿದ್ದೆ. ಮಗಂಗೂ ಹೇಳಿದ್ದಿಲ್ಲ. ವಾಪಸ್ ಊರಿಗೆ ಬರಬೇಕಾಗ್ತದೇನೋ ಅಂತ ರಾತ್ರಿ ನಾವಿಬ್ರೇ ಪಿಸುಪಿಸು ಮಾತಾಡ್ತಿದ್ವಿ. ಆವಾಗ ಮೇ 28ರ ಆಟಕ್ಕ ಎರಡು ಟಿಕೀಟು ಸಿಕ್ವು. ವರ್ಷದ ಕಡೀ ಆಟ, ಹೈಡೆಲ್‌ಬರ್ಗ್ ಹತ್ತರದ ಸಾಂಡ್‌ಹೌಸನ್ ಅನ್ನೋ ಸಣ್ಣ ಊರಾಗ. ರೊಕ್ಕದ ತ್ರಾಸು ಇತ್ತು, ಆದ್ರೂ ತಗೊಂಡೆ. ಮುಂದಿನ ವರ್ಷ ಎಲ್ಲಿರ್ತೀವೋ ಏನೋ ಅಂತ.

ನಸುಕಿನ್ಯಾಗ ರೈಲು ಹತ್ತಿದ್ವಿ. ಅರ್ಧ ದಾರಿ ಆಗಿರ್ಬೇಕು, ಮಗಾ ಕಿಡಕಿ ಕಡೆ ನೋಡ್ಕೋತ, "ಅವ್ವಾ, ಅಪ್ಪನ ಕೆಲಸ ಹೋಗೇದ, ಹೌದಿಲ್ಲೋ?" ಅಂದ. ನನ್ನ ಕೈಯಾಗಿನ ಚಪಾತಿ ಕೈಯಾಗೇ ಉಳೀತು. "ನಿನಗ್ಯಾರು ಹೇಳಿದ್ರು?" ಅಂದೆ. "ಅಪ್ಪ ಮುಂಜಾನೆ ಬ್ಯಾಗು ಹಾಕ್ಕೊಂಡು ಹೋಗಿ ಲೈಬ್ರರಿಯಾಗ ಕೂಡ್ತಾನ. ನಾ ನೋಡೀನಿ." ಎರಡು ತಿಂಗಳು ಒಬ್ಬನ ಒಳಗ ಇಟ್ಕೊಂಡಿದ್ದ. ನಾವು ಅವಂಗ ತ್ರಾಸು ಆಗಬಾರ್ದು ಅಂತ, ಅಂವಾ ನಮಗ ತ್ರಾಸು ಆಗಬಾರ್ದು ಅಂತ. "ಏನೂ ಆಗೂದಿಲ್ಲ, ಎಲ್ಲಾ ಸರಿ ಆಗ್ತದ" ಅಂದೆ. ಅಂವಾ ಮತ್ತ ಮಾತಾಡ್ಲಿಲ್ಲ.

ಸಾಂಡ್‌ಹೌಸನ್ ಸ್ಟೇಡಿಯಂ ಅಡವಿ ಅಂಚಿಗೆ ಅದ. ಬಾಜೂಕ ವಾಲ್‌ಡಾರ್ಫ್, ನಮ್ಮ ಬೆಂಗಳೂರು ಮಂದಿ ಕೆಲಸಕ್ಕ ಬಂದಿರೋ ಎಸ್‌ಎಪಿ ಕಂಪನಿ ಊರು. ನಾವು ಗೆದ್ದು, ಅತ್ತ ರೇಗನ್ಸ್‌ಬರ್ಗಿನ್ಯಾಗ ಹೈಡನ್‌ಹೈಮ್ ತಂಡ ಗೆಲ್ಲದಿದ್ರ ಸಾಕು, ನಾವು ಮ್ಯಾಲೆ. ಆಟ ಶುರುವಾದ ಕೂಡ್ಲೇ ನಮ್ಮದೊಂದು ಗೋಲ್ ಆತು, 1-0 ಅಂತನೇ ಮುಗೀತು. ಹೈಡನ್‌ಹೈಮ್ ಒಂದು ಹೊತ್ತಿನ್ಯಾಗ 0-2 ಹಿಂದ ಬಿದ್ದಿತ್ತು. ಅಲ್ಲೆ ಆಟ ಇನ್ನೂ ಮುಗದಿದ್ದಿಲ್ಲ, ಇಲ್ಲೆ ಮೈಕಿನ್ಯಾಗ ಅಭಿನಂದನೆ ಹೇಳೇ ಬಿಟ್ರು. ಮಂದಿ ಎಲ್ಲಾ ಮೈದಾನಕ್ಕ ನುಗ್ಗಿದ್ರು. ನನ್ನನ್ನೂ ಎಳಕೊಂಡು ಹೋದ. ಹುಲ್ಲಿನ ಮ್ಯಾಲೆ ನಿಂತು ನನ್ನ ಗಟ್ಟಿ ಅಪ್ಪಿಕೊಂಡ, ಎಷ್ಟೋ ವರ್ಷದ ಮ್ಯಾಲೆ. "ಅವ್ವಾ, ಇನ್ನ ಎಲ್ಲಾ ಸರಿ ಆಗ್ತದ!" ನಾ ರೈಲಿನ್ಯಾಗ ಹೇಳಿದ ಸುಳ್ಳ ಮಾತು, ಅವನ ಬಾಯಾಗ.

ಆಮ್ಯಾಲೆ ಒಬ್ಬೊಬ್ರೇ ಫೋನ್ ನೋಡ್ಲಿಕ್ಕೆ ಹತ್ತಿದ್ರು. ಗದ್ಲ ಇಳೀತು. ಹೈಡನ್‌ಹೈಮ್ 90 ಮಿನಿಟು ಮುಗದ ಮ್ಯಾಲೆ, ಹೆಚ್ಚುವರಿ ಹೊತ್ತಿನ್ಯಾಗ ಎರಡು ಗೋಲ್ ಹೊಡದಿತ್ತು, ಮೂರನೇ ಮಿನಿಟಿಗೊಂದು, ಒಂಬತ್ತನೇ ಮಿನಿಟಿಗೊಂದು. 3-2. ಅವರಿಗೆ 67 ಪಾಯಿಂಟು, ನಮಗ 66. ನಮ್ಮ ಬಾಜೂಕ ಒಬ್ಬ ಮುದಕ ಹುಲ್ಲಿನ ಮ್ಯಾಲೇ ಕೂತು ಬಿಟ್ಟ. ಕೈಯಾಗ ಕಿತ್ತ ಒಂದು ಹಿಡಿ ಹುಲ್ಲು ಇತ್ತು. ಅದನ್ನ ಏನು ಮಾಡಬೇಕಂತ ತಿಳೀದ ನೋಡ್ಕೋತ ಕೂತಿದ್ದ.

ವಾಪಸ್ ಬರೋ ರೈಲಿನ್ಯಾಗ ಭಾಳ ಹೊತ್ತು ಸುಮ್ನ ಕೂತಿದ್ವಿ. ಕತ್ತಲಾದ ಮ್ಯಾಲೆ, "ಚಪಾತಿ ಉಳದಾವೇನು?" ಅಂದ. ಕೊಟ್ಟೆ. ತಿನ್ಕೋತ ಕೇಳಿದ, "ಮುಂದಿನ ವರ್ಷ ನಾವು ಇಲ್ಲೇ ಇರ್ತೀವೇನು?" ಮತ್ತ ಅದೇ ಮಾತು ನಾಲಿಗಿ ತುದಿಗೆ ಬಂದಿತ್ತು, ಎಲ್ಲಾ ಸರಿ ಆಗ್ತದ ಅಂತ. ಅದನ್ನ ನುಂಗಿ, "ಗೊತ್ತಿಲ್ಲಪಾ" ಅಂದೆ. "ಅಪ್ಪ ಹುಡಕ್ಲಿಕ್ಕೆ ಹತ್ಯಾನ. ಸಿಗಬಹುದು, ಸಿಗದನೂ ಇರಬಹುದು. ಏನಾದ್ರೂ ನಿನಗ ಮೊದ್ಲು ಹೇಳ್ತೀವಿ." ಅಂವಾ ತಲಿ ಅಲ್ಲಾಡಿಸಿದ. ಇನ್ನೊಂದು ಚಪಾತಿ ತಗೊಂಡ. ಮನಿ ಮುಟ್ಟಿದಾಗ ನಡುರಾತ್ರಿ ಮೀರಿತ್ತು. ಮರುದಿವ್ಸ ಹಬ್ಬದ ಸೂಟಿ. ಮೂರೂ ಮಂದಿ ಅಡಗಿಮನ್ಯಾಗ ಕೂತು, ಉಳದ ರೊಕ್ಕ ಎಷ್ಟದ, ಎಷ್ಟು ತಿಂಗಳು ನಡೀತದ, ಒಂದು ಹಾಳ್ಯಾಗ ಬರದ್ವಿ. ಲೆಕ್ಕ ಬರದಾಂವ ಮಗಾ.

ಮೂರನೇ ಜಾಗಾಕ್ಕ ಇದ್ದ ಎರಡು ಆಟನೂ ಸ್ಟುಟ್‌ಗಾರ್ಟಿಗೆ ಸೋತ್ವಿ, 0-3, 1-3. ಇವರಿಗೆ ಆಗಸ್ಟಿನ್ಯಾಗ ಇದೇ ಊರಾಗ ಕೆಲಸ ಸಿಕ್ತು, ಪಗಾರ ಸ್ವಲ್ಪ ಕಡಿಮಿ. ಅದರ ಮರುವರ್ಷ ಇದೇ ಊರಿನ ಇನ್ನೊಂದು ತಂಡ ಸೇಂಟ್ ಪೌಲಿ ಮ್ಯಾಲೆ ಹೋತು, ನಮ್ಮದು ನಾಲ್ಕನೇದು. ಓಣಿ ತುಂಬ ಅವರ ಬಾವುಟ. ಅದನ್ನೂ ನುಂಗಿದ್ವಿ.

2025ರ ಮೇ 10ಕ್ಕ ಕಡಿಗೂ ಆತು. ಉಲ್ಮ್ ಮೊದ್ಲು ಗೋಲ್ ಹೊಡೀತು, ಆಮ್ಯಾಲೆ ನಾವು 6-1ಕ್ಕ ಗೆದ್ವಿ. ಏಳು ವರ್ಷದ ವನವಾಸ. ಮಗಂಗ ಈಗ 16, ಗೆಳ್ಯಾರ ಜೋಡಿ ಹೋಗಿದ್ದ. ಮಂದಿ ಮತ್ತ ಮೈದಾನಕ್ಕ ನುಗ್ಗಿದ್ರು, ನೂಕಾಟದಾಗ ಭಾಳ ಮಂದಿಗೆ ಪೆಟ್ಟಾತು ಅಂತ ಸುದ್ದಿ ಬಂತು. ಫೋನ್ ಹತ್ತವಲ್ದು. ನಾ ದೇವ್ರ ಮುಂದ ದೀಪ ಹಚ್ಚಿ ಬಾಗಿಲ್ದಾಗ ನಿಂತಿದ್ದೆ. ನಡುರಾತ್ರಿ ಒಂದು ಸಂದೇಶ ಬಂತು: "ಅವ್ವಾ, ನಿನಗ ಮೊದ್ಲು ಹೇಳ್ತೀನಿ, ನಾ ಆರಾಮ ಇದ್ದೀನಿ."

ಈಗ ಮೊದಲ್ನೇ ಪಂಕ್ತಿ. ಅವಂಗ ರೈಲಿಗೆ ನಾ ಬೇಕಾಗಿಲ್ಲ. ಆದ್ರ ಅದೇ ತಿಂಗಳು 26ಕ್ಕ ನಾ ಒಬ್ಬಾಕಿನೇ ಟೀವಿ ಮುಂದ ಕೂತು ಇನ್ನೊಂದು ಆಟ ನೋಡಿದೆ. ಎಲ್ವರ್ಸ್‌ಬರ್ಗ್ ಅನ್ನೋ ಹಳ್ಳಿ ತಂಡ ಎರಡನೇ ಲೀಗಿನ್ಯಾಗ ಮೂರನೇದು ಬಂದಿತ್ತು. ಎದುರಿಗೆ ಅದೇ ಹೈಡನ್‌ಹೈಮ್. ಕಡೀ ಗಳಿಗ್ಯಾಗ ಮತ್ತ ಹೈಡನ್‌ಹೈಮ್ ಗೋಲ್ ಹೊಡೀತು. ಎಲ್ವರ್ಸ್‌ಬರ್ಗಿನ ಮಂದಿ ನಡುವ ಒಬ್ಬಾಕಿ ತನ್ನ ಮಗನ ಹೆಗಲ ಮ್ಯಾಲೆ ಕೈ ಇಟ್ಟು ನಿಂತಿದ್ದು ಕಾಣಿಸ್ತು. ಇವರ ಮನಿ ರೈಲಿನ್ಯಾಗ ಇವತ್ತ ಏನು ಮಾತು ಆಗ್ತದೋ ಅಂತ ಅನ್ಕೊಂಡು, ಎದ್ದು ಹೋಗಿ ಹಿಟ್ಟು ನಾದಿದೆ.