ಯಜಮಾನ್ರು ಮೀನು ಬಿಟ್ಟು ಬಂದ ಹೊಳೆ

ಕೆಂಗೇರಿ ಉಪನಗರದ ಪಾರ್ಕಿನಲ್ಲಿ ಬೆಳಗ್ಗೆ ಆರಕ್ಕೆ ವಾಕಿಂಗ್ ಮಾಡೋ ನಾಲ್ಕು ಜನ ಹೆಂಗಸರು ನಾವು. ಮಂಡಿನೋವು, ಮಕ್ಕಳು, ನೀರಿನ ಟ್ಯಾಂಕರ್, ಇಷ್ಟರಲ್ಲೇ ನಮ್ಮ ಮಾತು ಮುಗಿಯುತ್ತೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ನಮ್ಮಲ್ಲಿ ಹಿರಿಯರಾದ ಅಕ್ಕ (ಹೆಸರು ಹಾಕಬೇಡ ಅಂದಿದ್ದಾರೆ) ಬೆಂಚಿನ ಮೇಲೆ ಕೂತು, "ಅಟ್ಟ ಕ್ಲೀನ್ ಮಾಡಿಸ್ತಿದ್ದೆ ಕಣ್ರೇ. ಇವರ ಗಾಳದ ಕೋಲು ಸಿಕ್ತು" ಅಂದರು. ಆಮೇಲೆ ಮಾತೇ ಆಡಲಿಲ್ಲ.

ಅಕ್ಕನ ಯಜಮಾನ್ರು ತೀರಿಕೊಂಡು ಎರಡು ವರ್ಷವಾಗಿತ್ತು. ಫ್ಯಾಕ್ಟರಿಯಲ್ಲಿದ್ದ ಕಾಲದಲ್ಲಿ ಪ್ರತಿ ವರ್ಷ ಚಳಿ ಕಳೆಯುತ್ತಲೇ ನಾಲ್ಕು ದಿನ ರಜಾ ಹಾಕಿ, ಗೆಳೆಯರ ಜೊತೆ ಭೀಮೇಶ್ವರಿಗೆ ಹೋಗೋರಂತೆ. ಕಾವೇರಿಯಲ್ಲಿ ಮಹಶೀರ್ ಮೀನು ಹಿಡಿಯೋದು, ತೂಕ ನೋಡೋದು, ಫೋಟೋ ತೆಗೆಸಿಕೊಳ್ಳೋದು, ವಾಪಸ್ ನೀರಿಗೆ ಬಿಡೋದು. "ತಂದಿದ್ರೆ ಸಾರಾದ್ರೂ ಆಗ್ತಿತ್ತು! ಬಿಟ್ಟು ಬರೋಕೆ ಅಷ್ಟು ದೂರ ಹೋಗ್ಬೇಕಾ ಅಂತ ಬೈತಿದ್ದೆ. ಒಂದ್ಸಲ ನೀನೂ ಬಾ ಅಂದಿದ್ರು. ಮಕ್ಕಳ ಪರೀಕ್ಷೆ ಅಂದೆ."

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಮಾರ್ಚ್ ಮೊದಲ ವಾರ ಹೊರಟೇಬಿಟ್ಟೆವು.

ಕೋಲು ಮಾತ್ರ ಮನೆಯಲ್ಲೇ ಉಳಿಯಿತು. ಅದು 1987ರಲ್ಲಿ ಕಾವೇರಿ ವನ್ಯಜೀವಿ ಅಭಯಾರಣ್ಯವಾದ ಜಾಗ. ಹಿಡಿದು ಬಿಟ್ಟರೂ ಕಾನೂನಿನ ಕಣ್ಣಿಗೆ ಅದು ಬೇಟೆಯೇ ಅನ್ನೋ ಕಾರಣಕ್ಕೆ ಅಲ್ಲಿ ಗಾಳದ ಆಟ ನಿಂತು ವರ್ಷಗಳೇ ಆದವು. ಈಗ ಹೋದವರಿಗೆ ತೆಪ್ಪ, ಕಯಾಕ್, ಕಾಡಿನ ನಡಿಗೆ.

ನೈಸ್ ರಸ್ತೆಯಿಂದ ಕನಕಪುರ ರಸ್ತೆಗೆ ಇಳಿದು, ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು. ಹತ್ತಿರ ಹತ್ತಿರ ನೂರು ಕಿಲೋಮೀಟರ್. ಹಲಗೂರು ದಾಟಿ ಮುತ್ತತ್ತಿಯ ಕಾಡು ಶುರುವಾದ ಮೇಲೆ ಕಾರಿನ ಕಿಟಕಿ ಇಳಿಸಿದೆವು. ಮರಗಳೆಲ್ಲ ಬೋಳು, ನಡುನಡುವೆ ಮುತ್ತುಗದ ಕೆಂಪು. ಹೊಳೆ ಹತ್ತಿರ ಬಂದ ಹಾಗೆ ಮಾತ್ರ ಹೊಂಗೆ ಚಿಗುರು, ದೊಡ್ಡ ದೊಡ್ಡ ಹೊಳೆಮತ್ತಿ ಮರ. ಮುತ್ತತ್ತಿಯಲ್ಲಿ ಆಂಜನೇಯನಿಗೆ ಕೈಮುಗಿದೆವು. ನೀರಿಗೆ ಬಿದ್ದ ಸೀತಮ್ಮನ ಮುತ್ತನ್ನು ಬಾಲದಿಂದ ಎತ್ತಿಕೊಟ್ಟನಂತೆ, ಅದಕ್ಕೇ ಮುತ್ತತ್ತಿ. ದೇವಸ್ಥಾನದ ಹತ್ತಿರ ನೀರು ಸುಮ್ಮನೆ ನಿಂತ ಹಾಗೆ ಕಾಣುತ್ತೆ, ನಂಬಬೇಡಿ. ಒಳಗೆ ಸುಳಿ ಇದೆ, ಎಷ್ಟೋ ಜನ ಅಲ್ಲಿ ಹೋಗಿದ್ದಾರೆ.

ಭೀಮೇಶ್ವರಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ತೆಪ್ಪ ಹತ್ತುವಾಗ ನಮ್ಮ ಟೀಚರ್ ಒಂದು ಕಾಲು ಒಳಗೆ, ಒಂದು ಕಾಲು ದಡದ ಮೇಲಿಟ್ಟು ಅರ್ಧ ಊರಿಗೆ ಕೇಳೋ ಹಾಗೆ ಕೂಗಿದರು. ದೊಡ್ಡ ಬಿದಿರಿನ ಬುಟ್ಟಿ ಅದು, ಮುಂದೂ ಇಲ್ಲ, ಹಿಂದೂ ಇಲ್ಲ. ಒಂದೇ ಹುಟ್ಟಿನಲ್ಲಿ ಅದನ್ನು ನೆಟ್ಟಗೆ ನಡೆಸೋದು ಹೇಗೆ ಅಂತ ನನಗಿನ್ನೂ ಅರ್ಥವಾಗಿಲ್ಲ.

ತೆಪ್ಪ ಹಾಕುತ್ತಿದ್ದವರಿಗೆ ಐವತ್ತರ ಮೇಲೆ ವಯಸ್ಸು. ಅವರ ಅಪ್ಪ ಗಾಳದವರ ಜೊತೆ ಕೆಲಸಕ್ಕಿದ್ದರಂತೆ, ಅಂಥವರನ್ನು ಗಿಲ್ಲಿ ಅನ್ನುತ್ತಿದ್ದರು. ರಾಗಿಹಿಟ್ಟು ಕಲಸಿ, ಬೇಯಿಸಿ, ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸೋದು ಅವರ ಕೈಚಳಕ. "ಮುದ್ದೆನಾ?" ಅಂತ ಅಕ್ಕ ಕೇಳಿದರು. "ಊಂ ಅವ್ವಾ, ನಮ್ಮ ಹೊಳೆ ಮೀನೂ ಮುದ್ದೆ ಉಣ್ಣೋವೇ."

ಮಹಶೀರ್ ಅಂದರೆ ಸಣ್ಣ ಮೀನಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕೆಜಿ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಲೋಕದಲ್ಲಿ ಎಲ್ಲೂ ಇಲ್ಲದ, ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಜಾತಿ ಇದೆ. ಅದರ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದೇ 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನಂಚಿನ ಪಟ್ಟಿಗೂ ಸೇರಿಸಿದರು. ಮೀನು ಹೆಚ್ಚಲಿ ಅಂತ ಒಳ್ಳೇ ಮನಸ್ಸಿನಿಂದಲೇ ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು, ಹೊಳೆಯ ಸ್ವಂತದ್ದು ಮೂಲೆಗೆ ಸರಿಯಿತು. ಗಾಳದವರಿದ್ದಾಗ ಕಾವಲಿತ್ತು, ಸಿಡಿಮದ್ದು ಹಾಕಿ ಮೀನು ಕೊಲ್ಲೋರು ಹೆದರುತ್ತಿದ್ದರು ಅನ್ನೋ ವಾದವೂ ಇದೆ. ಬಾಯಿಗೆ ಕೊಕ್ಕೆ ಸಿಕ್ಕಿಸಿ ಆಡಿಸೋದು ನನ್ನ ಮನಸ್ಸಿಗಂತೂ ಒಗ್ಗುವುದಿಲ್ಲ, ಆದರೆ ಆ ವಾದವನ್ನು ತಳ್ಳಿಹಾಕೋಕೂ ಆಗಲಿಲ್ಲ.

ಅಕ್ಕ ಪ್ಲಾಸ್ಟಿಕ್ ಕವರಿನಿಂದ ಒಂದು ಹಳೇ ಫೋಟೋ ತೆಗೆದು ತೋರಿಸಿದರು. ಸೊಂಟದ ತನಕ ನೀರಲ್ಲಿ ನಿಂತ ಯಜಮಾನ್ರು, ಎರಡೂ ಕೈಯಲ್ಲಿ ಮೀನು. "ಇವರು ನೆನಪಿದಾರಾ?"

ಅವರು ಬಹಳ ಹೊತ್ತು ನೋಡಿದರು. "ಸುಳ್ಳು ಯಾಕೆ ಹೇಳಲಿ ಅವ್ವಾ, ನೆಪ್ಪಿಲ್ಲ. ಎಷ್ಟೊಂದು ಜನ ಬರೋರು. ಆದ್ರೆ ಈ ಬಂಡೆ ಗೊತ್ತು, ಇಲ್ಲೇ ಕೆಳಗೈತೆ."

ತೆಪ್ಪ ಅಲ್ಲಿಗೆ ಬಂತು. ಫೋಟೋದಲ್ಲಿದ್ದ ಹಾಗೇ, ಆನೆ ಮಲಗಿದಂಥ ಬಂಡೆ. ಅದರ ಬುಡದಲ್ಲಿ ನೀರು ಹಸಿರಾಗಿ ಸುತ್ತುತ್ತಿತ್ತು. ಆಚೆ ದಡದಲ್ಲಿ ನೀರುನಾಯಿಗಳು ತಲೆ ಎತ್ತಿ ನಮ್ಮನ್ನು ನೋಡಿ ಮುಳುಗಿದವು. ಅವರು ಹುಟ್ಟನ್ನು ಬಂಡೆಗೆ ಆನಿಸಿ ಹಿಡಿದುಕೊಂಡು, ಮೀನು ಬಿಡೋದು ಹೇಗೆ ಅಂತ ಹೇಳಿದರು. ಎಳೆದಾಡಿ ಸುಸ್ತಾದ ಮೀನನ್ನು ಹಾಗೇ ಬಿಟ್ಟರೆ ಮಗುಚಿಕೊಂಡು ಸಾಯುತ್ತಂತೆ. ತಲೆಯನ್ನು ಹರಿವಿನ ಕಡೆಗೆ ಮಾಡಿ, ಹೊಟ್ಟೆಗೆ ಕೈ ಕೊಟ್ಟು, ಕಿವಿರಿಗೆ ನೀರು ಹರಿಯೋ ಹಾಗೆ ಹಿಡಿದು ನಿಲ್ಲಬೇಕು. ಕೆಲವು ಸಲ ಕಾಲು ಗಂಟೆ, ಅರ್ಧ ಗಂಟೆ. ಅದಕ್ಕೆ ಶಕ್ತಿ ಬಂದಾಗ ಅದೇ ಬಾಲ ಬೀಸಿ ಹೋಗುತ್ತೆ.

"ಅಷ್ಟು ಹೊತ್ತು ಇವರು ನೀರಲ್ಲಿ ನಿಂತಿರ್ತಿದ್ರಾ?"

"ನಿಂತ್ಕಬೇಕು ಅವ್ವಾ. ಬ್ಯಾರೆ ದಾರಿ ಇಲ್ಲ."

"ಮನೇಲಿ ಹಾಲು ಕಾಯೋ ತನಕ ಒಲೆ ಮುಂದೆ ನಿಲ್ತಿರಲಿಲ್ಲ ಕಣ್ರೀ ಇವರು" ಅಂದರು ಅಕ್ಕ. ನಗುತ್ತಲೇ ಅಂದದ್ದು. ಆಮೇಲೆ ನೀರಿಗೆ ಕೈ ಇಳಿಬಿಟ್ಟು ಹಾಗೇ ಕೂತರು. ಟೀಚರ್ ಕೂಡ ಸುಮ್ಮನಿದ್ದರು. ದೂರದಲ್ಲಿ ಏನೋ ಒಂದು ಧಪ್ ಅಂತ ಮಗುಚಿತು, ತಿರುಗಿ ನೋಡೋಷ್ಟರಲ್ಲಿ ಬರೀ ಅಲೆ.

ದಡದಲ್ಲಿ ಪುಳಿಯೋಗರೆ ತಿಂದು, ಕಾಗದದ ತಟ್ಟೆಯನ್ನೆಲ್ಲ ಕಟ್ಟಿಕೊಂಡು ಹೊರಟೆವು. ಕೆಂಗೇರಿ ಹತ್ತಿರ ಬಂದಾಗ ವೃಷಭಾವತಿಯ ವಾಸನೆ ಕಾರಿನೊಳಗೆ ಬಂತು. ಯಾವತ್ತೂ ಮೂಗು ಮುಚ್ಚಿ ದಾಟೋ ಮೋರಿ ಅದು. ಆದರೆ ಅದೂ ಹೊಳೆಯೇ ಅಲ್ವಾ? ಬೈರಮಂಗಲ ಕೆರೆ ದಾಟಿ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೇ ಹೋಗುತ್ತೆ. ಭೀಮೇಶ್ವರಿಯಿಂದ ಕೆಳಗೆ ಸಂಗಮ. ನಮ್ಮ ಬಚ್ಚಲ ನೀರು ಆ ಮೀನಿನ ಹೊಳೆಗೇ ಸೇರುತ್ತಲ್ಲ ಅಂತ ಟೀಚರ್ ಲೆಕ್ಕ ಹಾಕಿ ಹೇಳಿದಾಗ ಯಾರೂ ಉತ್ತರ ಕೊಡಲಿಲ್ಲ.

ಗಾಳದ ಕೋಲು ಈಗ ಅಕ್ಕನ ಮನೆ ಹಾಲಿನಲ್ಲಿ, ಫೋಟೋದ ಪಕ್ಕದಲ್ಲಿದೆ. ಜೇಡರ ಬಲೆ ತೆಗೆಯೋಕೆ ಉದ್ದ ಸಾಕಾಗುತ್ತೆ ಅಂತ ಮೊಮ್ಮಗ ಕೇಳಿದನಂತೆ. ಅಕ್ಕ ಕೊಡಲಿಲ್ಲ.